ಚಿಕ್ಕಪ್ಪನ ಕಾಂಕಾರ್ಡ್ ಫಾರ್ವರ್ಡ್

ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಜಗಳ ಇದು. ಮಧ್ಯೆ ಬಂದ ಶುಭೋದಯಗಳನ್ನೂ ಹೆಬ್ಬೆರಳುಗಳನ್ನೂ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.

ಚಿಕ್ಕಪ್ಪ (ಫಾರ್ವರ್ಡ್): ವಿಮಾನಯಾನದ ಸುವರ್ಣ ಕಾಲ! ನಿಮಗಿದು ಗೊತ್ತೇ? ಜಗತ್ತಿನ ಮೊದಲ ಸೂಪರ್‌ಸಾನಿಕ್ (ಶಬ್ದಕ್ಕಿಂತ ವೇಗದ) ಪ್ರಯಾಣಿಕ ವಿಮಾನ ಕಾಂಕಾರ್ಡ್. ಅದು ಸಿಂಗಪುರಕ್ಕೂ ಅಮೆರಿಕದ ಡಲ್ಲಾಸ್‌ಗೂ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿತ್ತು! ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿಯ ಟಿಕೆಟ್ ಕೊಂಡರೆ ಒಂದೇ ಫ್ಲೈಟಿನಲ್ಲಿ ಭೂಮಿಯನ್ನು ಪೂರ್ತಿ ಸುತ್ತಬಹುದಿತ್ತು! ಪ್ರಯಾಣಿಕರಿಗೆ ದಣಿವಾಗದಿರಲಿ ಅಂತ ದಾರಿಯಲ್ಲಿ ಐದಾರು ಕಡೆ ಇಳಿಸಿ ಉಪಚರಿಸುತ್ತಿದ್ದರು! ಆ ದಿನಗಳು ಇನ್ನು ಬರುವುದಿಲ್ಲ!

ಅಕ್ಕ: ಚಿಕ್ಕಪ್ಪ, ಮೊದಲ ಸಾಲೇ ತಪ್ಪು. ಸೋವಿಯತ್‌ನವರ ಟುಪೊಲೆವ್ 144 ಮೊದಲು ಹಾರಿದ್ದು. 1968ರ ಡಿಸೆಂಬರ್ 31. ಕಾಂಕಾರ್ಡ್ ಹಾರಿದ್ದು 1969ರ ಮಾರ್ಚ್ 2.

ಚಿಕ್ಕಪ್ಪ: ಹಾರೋದು ಬೇರೆ, ಜನರನ್ನು ಕೂರಿಸಿಕೊಂಡು ಹೋಗೋದು ಬೇರೆ ಕಣಮ್ಮ. ಕಾಂಕಾರ್ಡ್ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದು 1976ರ ಜನವರಿ 21. ಒಂದು ಲಂಡನ್‌ನಿಂದ ಬಹ್ರೇನ್‌ಗೆ, ಇನ್ನೊಂದು ಪ್ಯಾರಿಸ್‌ನಿಂದ ಡಕಾರ್ ಮೇಲೆ ರಿಯೊಗೆ. ನಿನ್ನ ಟುಪೊಲೆವ್ ಯಾವಾಗ ಹತ್ತಿಸಿಕೊಂಡಿತು?

ಭಾವ: 1975ರ ಡಿಸೆಂಬರಿನಲ್ಲೇ ಮಾಸ್ಕೋದಿಂದ ಅಲ್ಮಾ ಅಟಾಗೆ ಓಡಾಡ್ತಿತ್ತು ಮಾವ.

ಚಿಕ್ಕಪ್ಪ: ಏನು ಹೊತ್ತುಕೊಂಡು?

ಭಾವ: ಅಂಚೆ.

ಚಿಕ್ಕಪ್ಪ: ಅಂಚೆ ಚೀಲ ಪ್ರಯಾಣಿಕನಾ? ಕಿಟಕಿ ಸೀಟು ಕೇಳುತ್ತಾ?

ನಾನು: ಈ ಒಂದು ಸಾಲಿನಲ್ಲಿ ಚಿಕ್ಕಪ್ಪ ಪಾಸ್. ಟುಪೊಲೆವ್ ಜನರನ್ನು ಹತ್ತಿಸಿಕೊಂಡಿದ್ದು 1977ರ ನವೆಂಬರಿನಲ್ಲಿ. ಏಳು ತಿಂಗಳು, 55 ಹಾರಾಟ, ಅಲ್ಲಿಗೆ ಮುಗಿಯಿತು. ಕಾಂಕಾರ್ಡ್ 2003ರ ತನಕ ಓಡಿತು. ಆದರೆ ಎರಡನೇ ಸಾಲಿಗೆ ಬರೋಣ. ಡಲ್ಲಾಸ್‌ಗೆ ಎರಡು ಪಟ್ಟು ವೇಗ ಅಂತ ಯಾರು ಹೇಳಿದ್ದು?

ಚಿಕ್ಕಪ್ಪ: ಡಲ್ಲಾಸ್‌ಗೆ ಹೋಗ್ತಿತ್ತೋ ಇಲ್ಲವೋ?

ನಾನು: ಹೋಗ್ತಿತ್ತು. 1979ರಿಂದ 1980ರ ಮಧ್ಯದ ತನಕ, ಅಮೆರಿಕದ ಬ್ರಾನಿಫ್ ಕಂಪನಿ ವಾಷಿಂಗ್ಟನ್‌ನಿಂದ ಡಲ್ಲಾಸ್‌ಗೆ ಓಡಿಸಿತು. ಆದರೆ ಅಮೆರಿಕದ ನೆಲದ ಮೇಲೆ ಶಬ್ದದ ವೇಗ ದಾಟುವ ಹಾಗಿರಲಿಲ್ಲ. ದಾಟಿದರೆ ಕೆಳಗಿನ ಊರುಗಳಿಗೆಲ್ಲ ಗುಡುಗಿನಂಥ ಸದ್ದು. ಹಾಗಾಗಿ 0.95 ಮ್ಯಾಕ್, ಅಂದರೆ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಪಕ್ಕದಲ್ಲಿ ಹೋಗುವ ಮಾಮೂಲಿ ಬೋಯಿಂಗ್‌ಗಿಂತ ಸ್ವಲ್ಪ ಜೋರು, ಅಷ್ಟೇ. ಪೆಟ್ರೋಲು ಮಾತ್ರ ಕಾಂಕಾರ್ಡ್‌ದೇ.

ಭಾವ: ಪೆಟ್ರೋಲಲ್ಲ, ಸೀಮೆಎಣ್ಣೆ ಜಾತಿಯದು.

ನಾನು: ಸರಿ ಭಾವ. ಅದಕ್ಕಿಂತ ಮಜಾ ಕೇಳಿ. ವಾಷಿಂಗ್ಟನ್‌ನಲ್ಲಿ, ಯುರೋಪಿನಿಂದ ವಿಮಾನ ತಂದ ಬ್ರಿಟಿಷ್ ಅಥವಾ ಫ್ರೆಂಚ್ ಸಿಬ್ಬಂದಿ ಇಳಿದು ಬ್ರಾನಿಫ್ ಸಿಬ್ಬಂದಿ ಹತ್ತುತ್ತಿದ್ದರು. ಅಮೆರಿಕದ ಒಳಗೆ ಹಾರುವುದಕ್ಕೆ ಅಮೆರಿಕದ ನೋಂದಣಿ ನಂಬರು ಬೇಕು. ಅದಕ್ಕೆ ಹಳೇ ನಂಬರಿನ ಒಂದಷ್ಟು ಅಕ್ಷರ ಮುಚ್ಚೋದು, ವಾಪಸ್ ಬಂದ ಮೇಲೆ ತೆಗೆಯೋದು.

ಅತ್ತೆ: ಇಷ್ಟೆಲ್ಲ ಮಾಡಿ ಸೀಟು ತುಂಬುತ್ತಿತ್ತಾ?

ನಾನು: ಇಲ್ಲ ಅತ್ತೆ. ಅದಕ್ಕೇ ನಿಂತಿದ್ದು.

ಅಕ್ಕ: ಸಿಂಗಪುರದ ಕಥೆಯೂ ಅದೇ. ಲಂಡನ್, ಬಹ್ರೇನ್, ಸಿಂಗಪುರ. 1977ರ ಡಿಸೆಂಬರಿನಲ್ಲಿ ಶುರು ಮಾಡಿದರು. ಮೂರು ಸಲ ಹೋಗಿಬರುವಷ್ಟರಲ್ಲಿ ಮಲೇಷ್ಯಾ ತಕರಾರು ತೆಗೆಯಿತು, ನಿಂತಿತು. 1979ರಲ್ಲಿ ಮತ್ತೆ ಶುರು, 1980ರಲ್ಲಿ ಪೂರ್ತಿ ಬಂದ್. ಭಾರತವೂ ತನ್ನ ಆಕಾಶದಲ್ಲಿ ಸೂಪರ್‌ಸಾನಿಕ್ ವೇಗಕ್ಕೆ ಒಪ್ಪಲಿಲ್ಲ.

ದೊಡ್ಡಪ್ಪ: ಅರ್ಧ ವಿಮಾನಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು ಬಣ್ಣ ಹೊಡೆದಿದ್ದರಲ್ಲ, ಅದು ಇದೇನಾ?

ಅಕ್ಕ: ಅದೇ ದೊಡ್ಡಪ್ಪ. ಎಡಗಡೆ ಸಿಂಗಪುರ್ ಏರ್‌ಲೈನ್ಸ್, ಬಲಗಡೆ ಬ್ರಿಟಿಷ್ ಏರ್‌ವೇಸ್. ಆ ವಿಮಾನ ಈಗ ನ್ಯೂಯಾರ್ಕ್‌ನ ಇಂಟ್ರೆಪಿಡ್ ಮ್ಯೂಸಿಯಂನಲ್ಲಿದೆ.

ಚಿಕ್ಕಪ್ಪ: ನೋಡಿದ್ರಾ! ನೀವೆಲ್ಲ ಸೇರಿ ನನ್ನ ಫಾರ್ವರ್ಡ್‌ಗೇ ಮಾಹಿತಿ ಸೇರಿಸ್ತಾ ಇದ್ದೀರಿ. ಪ್ಯಾನ್ ಆಮ್ ಸಾಲಿನಲ್ಲಿ ತಪ್ಪು ಹುಡುಕಿ ನೋಡೋಣ.

ಭಾವ: ಹುಡುಕಿದೆ ಮಾವ. ಪೂರ್ತಿ ಸುತ್ತುತ್ತಿರಲಿಲ್ಲ. ಪ್ಯಾನ್ ಆಮ್‌ಗೆ ಇದ್ದದ್ದು ಹೊರದೇಶದ ಮಾರ್ಗಗಳ ಪರವಾನಗಿ. ಅಮೆರಿಕದ ಒಳಗೆ ಒಂದೂರಿಂದ ಇನ್ನೊಂದೂರಿಗೆ ಟಿಕೆಟ್ ಮಾರುವ ಹಾಗಿರಲಿಲ್ಲ. ಫ್ಲೈಟ್ ನಂಬರ್ 1 ಪಶ್ಚಿಮ ಕರಾವಳಿಯಿಂದ ಹೊರಟು ಏಷ್ಯಾ, ಯುರೋಪು ಎಲ್ಲ ದಾಟಿ ನ್ಯೂಯಾರ್ಕ್‌ನಲ್ಲಿ ಮುಗಿಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದವರು ಮನೆಗೆ ಹೋಗಬೇಕಾದರೆ ಬೇರೆ ಕಂಪನಿ ವಿಮಾನ ಹತ್ತಬೇಕು.

ಚಿಕ್ಕಪ್ಪ: ಇಡೀ ಪ್ರಪಂಚ ಸುತ್ತಿ ಬಂದು ಒಂದು ತುಂಡು ಬಿಟ್ಟರೆ ಅದು ಸುತ್ತಿದ್ದಲ್ವಾ? ಪ್ರದಕ್ಷಿಣೆಯಲ್ಲಿ ಒಂದು ಹೆಜ್ಜೆ ಕಡಿಮೆಯಾಯಿತು ಅಂತ ದೇವರು ವಾಪಸ್ ಕಳಿಸ್ತಾನಾ?

ಭಾವ: ಒಂದು ಹೆಜ್ಜೆ ಅಲ್ಲ ಮಾವ, 4,000 ಕಿಲೋಮೀಟರ್!

ದೊಡ್ಡಪ್ಪ: ಈ ವಿಷಯದಲ್ಲಿ ನಾನು ತಮ್ಮನ ಕಡೆ. ಅದು ಶುರುವಾದ 1947ರಲ್ಲಿ ಅಷ್ಟು ಸುತ್ತಿದ್ದೇ ದೊಡ್ಡದು.

ಅತ್ತೆ: ಅಣ್ಣಂದಿರಿಬ್ಬರೂ ಒಂದಾದರು. ಇನ್ನು ಇದು ಬಗೆಹರಿಯಲ್ಲ, ಮುಂದಕ್ಕೆ ಹೋಗಿ. ನನಗೆ ನಗು ಬಂದಿದ್ದು ಆ ಉಪಚಾರದ ಸಾಲು. ದಣಿವಾಗದಿರಲಿ ಅಂತ ಇಳಿಸ್ತಿದ್ದರಂತೆ!

ಚಿಕ್ಕಪ್ಪ: ಇಳಿಸ್ತಿರಲಿಲ್ವಾ? ಸಿಡ್ನಿಯಿಂದ ಲಂಡನ್‌ಗೆ ಹೋಗುವವರನ್ನು ಸಿಂಗಪುರದಲ್ಲಿ ಒಂದು ರಾತ್ರಿ, ಕೈರೋದಲ್ಲಿ ಒಂದು ರಾತ್ರಿ ಮಲಗಿಸ್ತಿದ್ದರು. ಈಗ ಯಾರು ಮಲಗಿಸ್ತಾರೆ?

ನಾನು: ಚಿಕ್ಕಪ್ಪ, ಅದು ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಕಾಂಗರೂ ಮಾರ್ಗ, 1947ರ ಡಿಸೆಂಬರಿನಲ್ಲಿ ಶುರುವಾದದ್ದು. ಕಾನ್‌ಸ್ಟಲೇಷನ್ ವಿಮಾನ, ನಾಲ್ಕು ಫ್ಯಾನು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ. ಇಷ್ಟು ಕಡೆ ಇಳಿದದ್ದು ಟ್ಯಾಂಕಿನಲ್ಲಿ ಎಣ್ಣೆ ಸಾಲದೆ. ಮೊದಲ ಹಾರಾಟದಲ್ಲಿ 29 ಪ್ರಯಾಣಿಕರು, ಅವರಿಗೆ 11 ಸಿಬ್ಬಂದಿ. ತಲುಪಲು ನಾಲ್ಕು ದಿನ. ಹಾಸಿಗೆ ಕೊಡದೆ ಇನ್ನೇನು ಮಾಡ್ತಾರೆ?

ಅಕ್ಕ: ಎಣ್ಣೆ ಇದ್ದರೂ ಸಾಲದು. ಕೆಳಗಿನ ದೇಶ ದಾರಿ ಬಿಡಬೇಕಲ್ಲ. ಆಂಕರೇಜ್ ನೆನಪಿದೆಯಾ ದೊಡ್ಡಪ್ಪ?

ದೊಡ್ಡಪ್ಪ: ಅಲಾಸ್ಕಾದ್ದಲ್ವಾ? ಗಾಜಿನ ಪೆಟ್ಟಿಗೆಯಲ್ಲಿ ಹಿಮಕರಡಿ ನಿಲ್ಲಿಸಿದ್ದರಲ್ಲ, ಫೋಟೋ ನೋಡಿದ್ದೇನೆ.

ಅಕ್ಕ: ಹೂಂ, ಅದೇ. ಯುರೋಪಿನಿಂದ ಜಪಾನಿಗೆ ನೇರ ದಾರಿ ಸೈಬೀರಿಯಾ ಮೇಲೆ. ಸೋವಿಯತ್‌ನವರು ಬಿಡಲ್ಲ. ಹಾಗಾಗಿ ಉತ್ತರ ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕಾದಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಟೋಕಿಯೋಗೆ. ಈ ದಾರಿ ಹಾಕಿದ್ದು ಸ್ಕ್ಯಾಂಡಿನೇವಿಯನ್ ಕಂಪನಿ ಎಸ್‌ಎಎಸ್, 1957ರಲ್ಲಿ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಅಲಾಸ್ಕಾದಲ್ಲಿ ಯಾವ ಕೆಲಸವೂ ಇಲ್ಲದವರು ಅಲ್ಲಿನ ಟರ್ಮಿನಲ್‌ನಲ್ಲಿ ಕಾಲು ಬೀಸಿಕೊಂಡು ಓಡಾಡಿ, ಕರಡಿ ನೋಡಿ, ಮತ್ತೆ ಹತ್ತುತ್ತಿದ್ದರು. ಸೋವಿಯತ್ ಆಕಾಶ ತೆರೆದು, ದೂರ ಹಾರುವ ಬೋಯಿಂಗ್ 747-400 ಬಂದ ಮೇಲೆ ಆ ಜನ ಕರಗಿದರು. ಈಗ ಅಲ್ಲಿ ಇಳಿಯುವುದು ಜಾಸ್ತಿ ಸರಕಿನ ವಿಮಾನಗಳೇ.

ಚಿಕ್ಕಪ್ಪ: ನಾನೂ ಅದನ್ನೇ ಹೇಳಿದ್ದು. ಆ ದಿನಗಳು ಇನ್ನು ಬರಲ್ಲ.

ನಾನು: ಬಂದಿವೆ ಚಿಕ್ಕಪ್ಪ! ಫಿನ್‌ಲೆಂಡಿನ ಫಿನ್‌ಏರ್ ಕಂಪನಿ 1983ರಲ್ಲಿ ಡಿಸಿ-10 ವಿಮಾನಕ್ಕೆ ಹೆಚ್ಚುವರಿ ಟ್ಯಾಂಕ್ ಹಾಕಿಸಿ, ಹೆಲ್ಸಿಂಕಿಯಿಂದ ಧ್ರುವದ ಮೇಲೆ ಎಲ್ಲೂ ಇಳಿಯದೆ ಟೋಕಿಯೋಗೆ ಹೋಯಿತು. ಸುಮಾರು 13 ಗಂಟೆ. ಆಮೇಲೆ ಸೈಬೀರಿಯಾ ದಾರಿ ಸಿಕ್ಕಿ ಪ್ರಯಾಣದ ಹೊತ್ತು ಒಂಬತ್ತೂವರೆ ಗಂಟೆಗೆ ಕಡಿಮೆಯಾಯಿತು. 2022ರಲ್ಲಿ ಯುದ್ಧದಿಂದ ರಷ್ಯಾದ ಆಕಾಶ ಮುಚ್ಚಿತು. ಮತ್ತೆ ಧ್ರುವ, ಮತ್ತೆ 13 ಗಂಟೆ. ಧ್ರುವ ದಾಟಿದಿರಿ ಅಂತ ಪ್ರಯಾಣಿಕರಿಗೆ ಒಂದು ಸರ್ಟಿಫಿಕೇಟನ್ನೂ ಕೊಟ್ಟರು.

ಚಿಕ್ಕಪ್ಪ: ಸರ್ಟಿಫಿಕೇಟ್ ಕೊಡೋದು ಉಪಚಾರ ಅಲ್ವಾ?

ಅತ್ತೆ: ನಾಲ್ಕು ಗಂಟೆ ಜಾಸ್ತಿ ಕೂರಿಸಿ ಒಂದು ಕಾಗದ ಕೊಟ್ಟರೆ ಉಪಚಾರಾನಾ ಅಣ್ಣಾ? ನಿನಗೆ ಕೊಟ್ಟಿದ್ದರೆ ಫ್ರೇಮ್ ಹಾಕಿಸ್ತಿದ್ದೆ, ಗೊತ್ತು.

ಭಾವ: ಸರ್ಟಿಫಿಕೇಟ್ ವಿಷಯಕ್ಕೆ ಇದಕ್ಕಿಂತ ಹಿಂದಿನದು ಒಂದಿದೆ. 1943ರಿಂದ 45ರ ತನಕ, ಯುದ್ಧದ ಕಾಲ. ಸಿಂಗಪುರ ಜಪಾನ್ ಕೈಯಲ್ಲಿದೆ. ಕ್ವಾಂಟಾಸ್ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನ್‌ಗೆ ಕ್ಯಾಟಲಿನಾ ಅನ್ನೋ ನೀರಿನ ಮೇಲೆ ಇಳಿಯುವ ವಿಮಾನ ಓಡಿಸಿತು. ಮಧ್ಯೆ ಎಲ್ಲೂ ನಿಲುಗಡೆ ಇಲ್ಲ. ರೇಡಿಯೋ ಬಳಸುವ ಹಾಗಿಲ್ಲ, ನಕ್ಷತ್ರ ನೋಡಿಕೊಂಡು ದಾರಿ ಹಿಡಿಯಬೇಕು. ಎಣ್ಣೆ ಭಾರ ಎಷ್ಟಿತ್ತು ಅಂದರೆ, ಪ್ರಯಾಣಿಕರಿಗೆ ಉಳಿದ ಜಾಗ ಮೂರು. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿತ್ತು. ಅದಕ್ಕೊಂದು ಸರ್ಟಿಫಿಕೇಟ್.

ದೊಡ್ಡಪ್ಪ: ಎಷ್ಟು ಹೊತ್ತು?

ಭಾವ: 27ರಿಂದ 33 ಗಂಟೆ ದೊಡ್ಡ ಮಾವ. ಈಗಿನ ಸಿಂಗಪುರ–ನ್ಯೂಯಾರ್ಕ್ ಹಾರಾಟ ದೂರದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದರೆ ಅದು 18–19 ಗಂಟೆಯಲ್ಲಿ ಮುಗಿಯುತ್ತೆ.

ದೊಡ್ಡಪ್ಪ: ಅಬ್ಬಾ. ಆ ಮೂವರು ಒಬ್ಬರಿಗೊಬ್ಬರು ಎಷ್ಟು ಕಥೆ ಹೇಳಿಕೊಂಡಿರಬೇಕು.

ಅತ್ತೆ: ಇಂಜಿನ್ ಸದ್ದಿನಲ್ಲಿ ಕಿವಿಗೆ ಬಿದ್ದರೆ ತಾನೆ.

ಚಿಕ್ಕಪ್ಪ: ಆಯ್ತು, ಉದ್ದದ್ದು ನಿಮಗೆ ಬಿಟ್ಟೆ. ಚಿಕ್ಕದು ನನ್ನದು. ಸ್ಕಾಟ್ಲೆಂಡಿನ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ. 1967ರಿಂದ ನಡೀತಿದೆ. 2.7 ಕಿಲೋಮೀಟರ್. 53 ಸೆಕೆಂಡು. ಇದರಲ್ಲಿ ತಪ್ಪು ತೆಗೀರಿ ನೋಡೋಣ!

ದೊಡ್ಡಪ್ಪ: ಅಷ್ಟಕ್ಕೆ ವಿಮಾನ ಯಾಕಪ್ಪಾ? ನಡೆದು ಹೋಗಬಹುದಲ್ಲ?

ಚಿಕ್ಕಪ್ಪ: ಮಧ್ಯೆ ಸಮುದ್ರ ಇದೆ ಅಣ್ಣಾ.

ಅಕ್ಕ: ದೂರ ಸರಿ, ವರ್ಷ ಸರಿ. 53 ಸೆಕೆಂಡು ಮಾತ್ರ ದಾಖಲೆ ಚಿಕ್ಕಪ್ಪ, ಗಾಳಿ ಕೂಡಿಬಂದ ದಿನದ್ದು. ಟೈಮ್‌ಟೇಬಲ್‌ನಲ್ಲಿ ಎರಡು ನಿಮಿಷ ಅಂತಿದೆ.

ಚಿಕ್ಕಪ್ಪ: ಅರವತ್ತೇಳು ಸೆಕೆಂಡಿಗೂ ಜಗಳ ತೆಗೀತೀಯಲ್ಲೇ!