ಥಾಯ್ಲೆಂಡಿನ ನಾನ್ ಪ್ರಾಂತ್ಯದಲ್ಲಿ ಏನಿದೆ?

ಅಡ್ಡಾಡಿ:
ಡಿಸೆಂಬರಿನಲ್ಲಿ ಒಂದು ವಾರ ರಜೆ ಇದೆ. ಚಿಯಾಂಗ್ ಮಾಯ್ ನೋಡಿಯಾಯಿತು. ಲಾವೋಸ್ ಗಡಿಯ ನಾನ್‌ಗೆ ಹೋಗೋಣ ಅಂದರೆ ಮನೆಯವರು ‘ಅಲ್ಲೇನಿದೆ ಮಣ್ಣು’ ಅಂತಾರೆ. ಹೋದವರು ಇದ್ದೀರಾ?

ಕುಮಟೆಯವಳು:
ನಾನು ಎರಡು ಚಳಿಗಾಲ ಅಲ್ಲಿದ್ದೆ. (‘ನಾನ್ ನಾನ್‌ನಲ್ಲಿದ್ದೀನಿ’ ಅಂದರೆ ಅಮ್ಮನಿಗೆ ನಗು.) ರೈಲಿಲ್ಲ. ಪಕ್ಕದ ಫ್ರೆ ಪ್ರಾಂತ್ಯದ ಡೆನ್ ಚಾಯ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸುತ್ತ ಬೆಟ್ಟ, ಹಾಗಾಗಿ ಊರು ಬಹಳ ಕಾಲ ತನ್ನ ಪಾಡಿಗೆ ತಾನಿತ್ತು. 1788ರಲ್ಲಿ ಬ್ಯಾಂಕಾಕಿಗೆ ತಲೆಬಾಗಿದರೂ 1931ರವರೆಗೆ ಸ್ವಂತ ದೊರೆ ಇದ್ದ. ಅರಮನೆ ಈಗ ಮ್ಯೂಸಿಯಂ. ಗರುಡ ಹೊತ್ತು ನಿಂತ ಕಪ್ಪು ಆನೆದಂತ ಅಲ್ಲೇ ಇದೆ.

ಎದುರಿಗೇ ವಾಟ್ ಫುಮಿನ್ ಅನ್ನೋ ಬೌದ್ಧ ಗುಡಿ, 1596ರದ್ದು. ಎರಡು ನಾಗಗಳು ಇಡೀ ಗುಡಿಯನ್ನೇ ಬೆನ್ನ ಮೇಲೆ ಹೊತ್ತಂತಿದೆ. ಗೋಡೆಯಲ್ಲಿ ತೊಡೆ ತುಂಬ ಹಚ್ಚೆಯ ಗಂಡಸೊಬ್ಬ ಹೆಣ್ಣಿನ ಕಿವಿಯಲ್ಲಿ ಪಿಸುಗುಡುತ್ತಿದ್ದಾನೆ. ಊರ ತುಂಬ ಟೀ ಶರ್ಟು, ಕಪ್ಪುಗಳ ಮೇಲೆ ಅವರದೇ ಚಿತ್ರ. ಅದು ಸ್ವಲ್ಪ ಜಾಸ್ತಿಯೇ ಆಯಿತು.

ನನಗೆ ಇಷ್ಟವಾದದ್ದು ಬೋ ಕ್ಲುವಾ. ಸಮುದ್ರವೇ ಇಲ್ಲದ ಬೆಟ್ಟದ ಮೇಲೆ ಉಪ್ಪಿನ ಬಾವಿ! ನೀರು ಸೇದಿ, ಮಣ್ಣಿನ ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಕುದಿಸುತ್ತಾರೆ. ಉಪ್ಪನ್ನು ಗೋರಿ ಬಿದಿರು ಬುಟ್ಟಿಗೆ ಹಾಕಿ ಬಾಣಲೆ ಮೇಲೇ ತೂಗುಹಾಕುತ್ತಾರೆ. ಸೋರಿದ ನೀರು ಮತ್ತೆ ಬಾಣಲೆಗೆ. ನಮ್ಮ ಕಡೆಯ ಗಜನಿಯ (ಕಡಲ ಉಪ್ಪುನೀರು ನುಗ್ಗುವ ಗದ್ದೆ) ಉಪ್ಪು ನೋಡಿ ಬೆಳೆದವಳು, ಬಾಯಿಬಿಟ್ಟುಕೊಂಡು ನಿಂತಿದ್ದೆ.

ಇನ್ನೊಂದು. ಸಂತೆಯಲ್ಲಿ ‘ಮಖ್ವೇನ್’ ಅಂತ ಕಪ್ಪು ಬೀಜದ ಕಾಯಿ ಕೊಟ್ಟರು. ಕಚ್ಚಿದೆ. ನಾಲಿಗೆ ಜುಮ್ಮ್! ನಮ್ಮ ಬಂಗುಡೆ ಸಾರಿನ ಜುಮ್ಮನಕಾಯಿಯ ಬಳಗವೇ. ಅವರು ಕೋಳಿಗೆ ಹಚ್ಚಿ ಕರಿಯುತ್ತಾರೆ.

ಬೆಟ್ಟದಹುಳು:
ಅಲ್ಲಿ ‘ಹಳದಿ ಎಲೆಯ ದೆವ್ವಗಳು’ ಅನ್ನೋ ಕಾಡುಜನ ಇದ್ದಾರಂತೆ. ನೋಡಲು ಕರೆದೊಯ್ಯುತ್ತಾರಾ?

ಕುಮಟೆಯವಳು:
ಅವರು ಮ್ಲಾಬ್ರಿಗಳು, ಕೆಲವೇ ನೂರು ಜನ. ಗುಡಿಸಲಿನ ಎಲೆ ಹಳದಿಯಾಗುವ ಹೊತ್ತಿಗೆ ಬೇರೆಡೆ ಹೋಗಿಬಿಡುತ್ತಿದ್ದರು, ಹಾಗಾಗಿ ಹೊರಗಿನವರು ಇಟ್ಟ ಹೆಸರದು. ಅವರಿಗೆ ಅದು ಇಷ್ಟವಿಲ್ಲ. ಜನರನ್ನು ಜಾತ್ರೆಯ ಗೊಂಬೆ ಹಾಗೆ ನೋಡಲು ಹೋಗಬೇಡಿ ಮಾರಾಯ್ರೇ. ನೊಂಗ್ ಬುವಾ ಹಳ್ಳಿಗೆ ಹೋಗಿ, ಅಲ್ಲಿನ ತಾಯ್ ಲೂ ಜನಾಂಗದ ಹೆಂಗಸರು ಮಗ್ಗದಲ್ಲಿ ಹರಿಯುವ ನೀರಿನ ಹಾಗಿನ ವಿನ್ಯಾಸ ನೇಯುತ್ತಾರೆ. ಒಂದು ಬಟ್ಟೆ ಕೊಳ್ಳಿ.

ಅಡ್ಡಾಡಿ:
ಥ್ಯಾಂಕ್ಸ್ ಅಕ್ಕಾ. ಆದರೆ ನಾವು ಸಸ್ಯಾಹಾರಿಗಳು, ಊಟದ ಗತಿ?

ಕುಮಟೆಯವಳು:
‘ಜೇ’ ಅಂತ ಕೇಳಿ, ಅಂದರೆ ಅಪ್ಪಟ ಸಸ್ಯಾಹಾರ. ಆ ಥಾಯ್ ಪದ ಹಳದಿ ಬಾವುಟದಲ್ಲಿ ಕೆಂಪಗೆ 17 ಬರೆದಂತೆ ಕಾಣುತ್ತದೆ, ಆ ಅಂಗಡಿಗೆ ನುಗ್ಗಿ. ಉಪ್ಪಿನಕಾಯಿ ಡಬ್ಬಿ ಮಾತ್ರ ಮರೆಯಬೇಡಿ.