ಮನೆಮಂದಿ ಗ್ರೂಪ್: ಪುಟ್ಟನ ಇಂಟರ್‌ವ್ಯೂ

ದೊಡ್ಡಪ್ಪ (ಫಾರ್ವರ್ಡ್): ಸೇಲ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ದೇವನಹಳ್ಳಿ ಹತ್ತಿರ ಹೊಸ ಲೇಔಟ್. ಯಾವುದೇ ಡಿಗ್ರಿ. ಸ್ವಂತ ಬೈಕ್ ಇರಬೇಕು. ಸಂಬಳ 18,000 + ಇನ್ಸೆಂಟಿವ್. ನೇರ ಇಂಟರ್‌ವ್ಯೂ.

ದೊಡ್ಡಪ್ಪ: ಪುಟ್ಟ ಬೆಳಗ್ಗೆ ಇದಕ್ಕೇ ಹೋಗಿ ಬಂದ. ತಗೊಂಡಿದ್ದಾರೆ. ಎಲ್ಲರೂ ಹರಸಿ 🙏

ಚಿಕ್ಕಮ್ಮ: ದೇವರು ಕಣ್ಣು ಬಿಟ್ಟ. ಆರು ತಿಂಗಳಿಂದ ಮನೆಯಲ್ಲೇ ಇದ್ದ.

ನಾನು: ಖುಷಿ ಆಯಿತು ಪುಟ್ಟಾ. ಏನೇನು ಕೇಳಿದರು?

ಪುಟ್ಟ: ಹತ್ತೇ ನಿಮಿಷ ಅಕ್ಕಾ. ಬೈಕ್ ಇದೆಯಾ, ತೆಲುಗು ಹಿಂದಿ ಬರುತ್ತಾ, ಭಾನುವಾರ ಬರುತ್ತೀಯಾ ಅಂದರು. ಆಮೇಲೆ ಬ್ರೋಷರ್ ಕೈಗೆ ಕೊಟ್ಟು "30x40 ಸೈಟ್, ನನಗೇ ಮಾರು ನೋಡೋಣ" ಅಂದರು. ಪೂರ್ವ ದಿಕ್ಕು, ಏರ್‌ಪೋರ್ಟ್ ಹತ್ತಿರ ಅಂತೆಲ್ಲ ಹೇಳಿದೆ.

ನಾನು: ಬ್ರೋಷರ್‌ನಲ್ಲಿ ರೇರಾ ನಂಬರ್ ಇತ್ತಾ? ಅದೇ, ಸರ್ಕಾರದ ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ ಲೇಔಟ್ ನೋಂದಣಿ ಆದ ನಂಬರ್.

ಪುಟ್ಟ: ಅರ್ಜಿ ಹಾಕಿದ್ದಾರಂತೆ. ಈಗ ಪ್ರೀ-ಲಾಂಚ್ ಬುಕಿಂಗ್.

ನಾನು: ಹಾಗಾದರೆ ಒಪ್ಪಿಕೊಳ್ಳಬೇಡ. 2016ರ ರೇರಾ ಕಾಯ್ದೆ 3ನೇ ಸೆಕ್ಷನ್ ಪ್ರಕಾರ ನೋಂದಣಿ ಆಗದೆ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ. ಜಾಗ 500 ಚದರ ಮೀಟರ್ ದಾಟದಿದ್ದರೆ, ಇಲ್ಲಾ 8 ಮನೆ ದಾಟದಿದ್ದರೆ ಮಾತ್ರ ವಿನಾಯಿತಿ. ಇದರಲ್ಲಿ ಎಷ್ಟು ಸೈಟ್?

ಪುಟ್ಟ: 120.

ದೊಡ್ಡಪ್ಪ: ಅವನು ಕೆಲಸ ಕೇಳೋಕೆ ಹೋಗಿದ್ದನಮ್ಮ, ಸೈಟ್ ತಗೊಳ್ಳೋಕಲ್ಲ. ಹೊಸ ಹುಡುಗ ಕಾಯ್ದೆ ಮಾತಾಡಿದರೆ ಬಾಗಿಲು ತೋರಿಸುತ್ತಾರೆ. ನೀನು ಸುಮ್ನೆ ಹೆದರಿಸಬೇಡ.

ನಾನು: ದೊಡ್ಡಪ್ಪ, ನಾನು ಎರಡು ವರ್ಷ ಇಂಥದ್ದೇ ಆಫೀಸಲ್ಲಿ ಫೋನ್ ಮಾಡುವ ಕೆಲಸ ಮಾಡಿದವಳು. ನನಗೂ ರೇರಾ ನಂಬರ್ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತಲೇ ಹೇಳಿದ್ದರು. ಕಾಲೇಜಲ್ಲಿ ಪಾಠ ಹೇಳಿದ ಮೇಡಂಗೇ ಸೈಟ್ ಹಿಡಿಸಿದೆ. ಅವರು 50,000 ಟೋಕನ್ ಕೊಟ್ಟರು. ಅದು ಕೃಷಿ ಜಮೀನು, ಸೈಟ್ ಮಾಡಲು ಬೇಕಾದ ಕನ್ವರ್ಷನ್ನೇ ಆಗಿರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಅವರು ಓನರನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. "ನೀನು ಹೇಳಿದೆ ಅಂತ ಕೊಟ್ಟೆ ಕಣೇ" ಅಂದರು. ಇವತ್ತಿಗೂ ಅವರ ಬೀದಿಗೆ ಹೋಗಲು ನನಗೆ ಕಾಲು ಬರಲ್ಲ.

ದೊಡ್ಡಪ್ಪ: ಒಂದು ಆಫೀಸು ಹಾಗಿತ್ತು ಅಂತ ಎಲ್ಲರೂ ಹಾಗೇನಾ?

ನಾನು: ಇಲ್ಲ. ಸರಿಯಾಗಿರುವವರು ನಂಬರನ್ನು ಬ್ರೋಷರ್ ಮೇಲೇ ಹಾಕಿರುತ್ತಾರೆ. ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಂಥ ಕಡೆ ಸೇರಲಿ, ನಾನೇ ಸ್ವೀಟ್ ತರುತ್ತೇನೆ. ಪುಟ್ಟಾ, 18,000 ಬುಕಿಂಗ್ ಆಗದಿದ್ದರೂ ಕೊಡುತ್ತಾರಾ? ಲೆಟರ್ ಕೊಟ್ಟಿದ್ದಾರಾ?

ಪುಟ್ಟ: ಲೆಟರ್ ಮೂರು ತಿಂಗಳ ಮೇಲೆ. ತಿಂಗಳಿಗೆ ಎರಡು ಬುಕಿಂಗ್ ಆದರೆ ಪೂರ್ತಿ ಸಂಬಳ.

ಚಿಕ್ಕಮ್ಮ: ಆಗದಿದ್ದರೆ?

ಪುಟ್ಟ: ಅರ್ಧ ಅಮ್ಮಾ.

ಚಿಕ್ಕಮ್ಮ: ಇದನ್ನು ಬೆಳಗ್ಗೆ ಹೇಳಲಿಲ್ಲ ನೀನು.

ದೊಡ್ಡಪ್ಪ: ಸೇಲ್ಸ್ ಅಂದರೆ ಟಾರ್ಗೆಟ್ ಇದ್ದೇ ಇರುತ್ತೆ. ಓಡಾಡಿದರೆ ಜನ ಸಿಗುತ್ತಾರೆ.

ನಾನು: ಹೊಸ ಹುಡುಗನಿಗೆ ಯಾವ ಜನ ದೊಡ್ಡಪ್ಪ? ನೆಂಟರು, ಸ್ನೇಹಿತರು. ಇಂಟರ್‌ವ್ಯೂನಲ್ಲಿ ಅವರು ನೋಡುವುದೇ ಅದನ್ನು. ಪುಟ್ಟಾ, ಯಾವುದಾದರೂ ಫಾರ್ಮ್ ತುಂಬಿಸಿಕೊಂಡರಾ?

ಪುಟ್ಟ: ಹೂಂ. ಹಿಂದಿನ ಪುಟದಲ್ಲಿ 25 ಸಾಲು ಇತ್ತು. ಗೊತ್ತಿರುವವರ ಹೆಸರು, ನಂಬರ್. ಪೂರ್ತಿ ತುಂಬಿದರೆ ಒಳ್ಳೆಯದು ಅಂದರು.

ಚಿಕ್ಕಮ್ಮ: ಯಾರ‍್ಯಾರದು ಬರೆದೆ?

ಪುಟ್ಟ: ನಮ್ಮವರದ್ದೇ. ಮೊದಲು ದೊಡ್ಡಪ್ಪಂದು.

ದೊಡ್ಡಪ್ಪ: ಮಧ್ಯಾಹ್ನದಿಂದ ಮೂರು ಸಲ ಫೋನ್ ಬಂತು. ರಿಟೈರ್‌ಮೆಂಟ್ ದುಡ್ಡು ಎಲ್ಲಿ ಇಟ್ಟಿದ್ದೀರಿ ಸಾರ್ ಅಂತ ಕೇಳಿದರು. ಇವರಿಗೆ ಹೇಗೆ ಗೊತ್ತಾಯಿತು ಅಂತ ಯೋಚನೆ ಮಾಡುತ್ತಿದ್ದೆ.

ಪುಟ್ಟ: ನಂಬರ್ ಪಕ್ಕ "ಏನು ಕೆಲಸ" ಅಂತ ಒಂದು ಕಾಲಂ ಇತ್ತು ದೊಡ್ಡಪ್ಪ.