ಪದಚರ್ಚೆ: ‘ಬ್ಯಾಂಕ್ ರನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ (ಮಂಡ್ಯ, ಅನುವಾದಕಿ)

ಮಾನ್ಯರೇ,

2008ರ ಹಣಕಾಸು ಬಿಕ್ಕಟ್ಟನ್ನು ಕುರಿತ ಕಿರುಪುಸ್ತಕವೊಂದನ್ನು ಸಹಕಾರ ಸಂಘಗಳ ಸದಸ್ಯರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ತಮ್ಮ ಹಣಕ್ಕೆ ಅಪಾಯವಿದೆಯೆಂದು ಶಂಕಿಸಿದ ಠೇವಣಿದಾರರು ಏಕಕಾಲಕ್ಕೆ ಹಣ ತೆಗೆಯತೊಡಗುವುದನ್ನು ಇಂಗ್ಲಿಷಿನಲ್ಲಿ ‘ಬ್ಯಾಂಕ್ ರನ್’ ಎನ್ನುತ್ತಾರಷ್ಟೆ. ‘ಬ್ಯಾಂಕ್ ಓಟ’ ಎಂದು ಬರೆದರೆ ನೌಕರರ ಕ್ರೀಡಾಕೂಟವೆಂದೇ ಓದುಗರು ತಿಳಿದಾರು. ‘ಠೇವಣಿ ನೂಕುನುಗ್ಗಲು’, ‘ಮುಗಿಬೀಳಿಕೆ’, ‘ಸಾಮೂಹಿಕ ಹಿಂಪಡೆತ’ ಎಂಬ ಮೂರನ್ನು ಗುರುತು ಹಾಕಿಕೊಂಡಿದ್ದೇನೆ. ಇದಲ್ಲದೆ, ಮೂಲದಲ್ಲಿ ಬ್ಯಾಂಕು ‘ಫೇಲ್’ ಆಯಿತೆಂದು ಇರುವ ಕಡೆಯಲ್ಲೆಲ್ಲ ‘ದಿವಾಳಿ’ ಎಂದು ಬರೆಯಬಹುದೇ? ಠೇವಣಿ ವಿಮೆಯನ್ನು ಕುರಿತು ಕೊನೆಯ ಪುಟದಲ್ಲಿರುವ ನಾಲ್ಕು ಸಾಲುಗಳನ್ನು ಸಂಘಗಳ ಗೋಡೆಗೆ ಫಲಕವಾಗಿಯೂ ಬರೆಸುವ ಆಲೋಚನೆಯಿದೆ.

ಉತ್ತರ (ಮೈಸೂರು, ಕುವೆಂಪುನಗರ, ನಿವೃತ್ತ ಕನ್ನಡ ಅಧ್ಯಾಪಕ)

ಮೊದಲು ‘ಠೇವಣಿ’ಯನ್ನು ಬಿಡಿ. ಅದು ಮರಾಠಿಯಿಂದ ಬಂದದ್ದು. ‘ಇಡು’ ಎಂಬ ಧಾತು ನಮ್ಮಲ್ಲಿರುವಾಗ ಗಂಟನ್ನು ಇಡುವುದಕ್ಕೂ ಮರಾಠಿಯ ಅಪ್ಪಣೆ ಏಕೆ ಬೇಕು? ‘ಇಡುಗಂಟು’ ಎಂಬ ಸೊಗಸಾದ ಪದವಿದೆ. ‘ವಿಮೆ’ ಪಾರಸಿ ಮೂಲದ್ದು, ಅದರ ಜಾಗದಲ್ಲಿ ‘ಕಾಪು’ ಸಾಕು. ಹೀಗೆ ‘ಇಡುಗಂಟುಕಾಪು’ ಸಿದ್ಧವಾಯಿತು. ನೀವು ಕೇಳಿದ್ದಕ್ಕೆ ‘ಗಂಟುಸೆಳೆತ’ ಎನ್ನಬಹುದು. ‘ಸಾಮೂಹಿಕ ಹಿಂಪಡೆತ’ವಂತೂ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸಿದ ಶುದ್ಧ ಅರಿಸಮಾಸ, ಅದನ್ನು ಚರ್ಚಿಸುವ ಅಗತ್ಯವೂ ಇಲ್ಲ.

ಉತ್ತರ (ಮೈಸೂರು, ನಿವೃತ್ತ ಬ್ಯಾಂಕ್ ಅಧಿಕಾರಿ)

ಮೇಷ್ಟ್ರೇ, ‘ಸಾಮೂಹಿಕ ಹಿಂಪಡೆತ’ದಲ್ಲಿರುವುದು ವಿಶೇಷಣ ಮತ್ತು ವಿಶೇಷ್ಯ. ಸಮಾಸವೇ ಇಲ್ಲದ ಕಡೆ ಅರಿಸಮಾಸ ಎಲ್ಲಿಂದ ಬಂದೀತು? ‘ಇಡುಗಂಟು’ ಎಂದರೆ ಈಗ ಅಂಗನವಾಡಿ, ಬಿಸಿಯೂಟ ನೌಕರರು ನಿವೃತ್ತಿಯ ವೇಳೆ ಒಟ್ಟಿಗೆ ಸಿಗಬೇಕೆಂದು ಕೇಳುತ್ತಿರುವ ಮೊತ್ತ. ಅದೇ ಪದವನ್ನು ಉಳಿತಾಯ ಖಾತೆಯ ಹಣಕ್ಕೆ ಹಚ್ಚಿದರೆ ಕೌಂಟರಿನಲ್ಲಿ ಕೂತವರ ಪಾಡೇನು?

ಅನುವಾದಕಿಯವರ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸಿತು. ‘ದಿವಾಳಿ’ಯನ್ನು ದಯವಿಟ್ಟು ಎಲ್ಲ ಕಡೆ ಬಳಸಬೇಡಿ. ಆಸ್ತಿಗಿಂತ ಹೊಣೆ ಹೆಚ್ಚಾಗಿರುವ ಬ್ಯಾಂಕು ದಿವಾಳಿ. ಸಾಲವಾಗಿ ಕೊಟ್ಟ ಹಣವೆಲ್ಲ ಸುಭದ್ರವಾಗಿದ್ದರೂ ಈ ಹೊತ್ತಿಗೆ ಕೈಯಲ್ಲಿ ನಗದು ಸಾಲದೆ ಇರುವ ಬ್ಯಾಂಕು ನಗದಿನ ಮುಗ್ಗಟ್ಟಿನಲ್ಲಿದೆಯಷ್ಟೆ. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ಗೃಹಸಾಲಗಳಿಗೆ ಬೇಕಾದ ಹಣದ ಬಹುಪಾಲನ್ನು ಠೇವಣಿಯಿಂದಲ್ಲ, ಹಣಕಾಸು ಸಂಸ್ಥೆಗಳು ಪರಸ್ಪರ ಸಾಲ ಕೊಟ್ಟುಕೊಳ್ಳುವ ಹಣದ ಮಾರುಕಟ್ಟೆಯಿಂದ ಎತ್ತುತ್ತಿತ್ತು. 2007ರ ಆಗಸ್ಟಿನಲ್ಲಿ ಆ ಮಾರುಕಟ್ಟೆ ಸ್ತಬ್ಧವಾಯಿತು. ನಾರ್ದರ್ನ್ ರಾಕ್ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ತುರ್ತು ನೆರವು ಕೇಳಿದ ಸುದ್ದಿ ಹೊರಬಿದ್ದೊಡನೆ, ಸೆಪ್ಟೆಂಬರ್ 14ರಂದು ಶಾಖೆಗಳ ಮುಂದೆ ಸಾಲು ಬೆಳೆಯಿತು. ಆ ಜನರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸಿಲ್ಲ. ಅಂದಿನ ನಿಯಮದಂತೆ ಮೊದಲ 2,000 ಪೌಂಡುಗಳಿಗೆ ಮಾತ್ರ ಪೂರ್ಣ ರಕ್ಷಣೆಯಿತ್ತು, ಮುಂದಿನ 33,000 ಪೌಂಡುಗಳಲ್ಲಿ ಶೇಕಡಾ 90ರಷ್ಟು ಮಾತ್ರ ಕೈಸೇರುತ್ತಿತ್ತು. ಹತ್ತರಲ್ಲಿ ಒಂದು ಪಾಲು ಹೋಗಬಹುದೆಂದು ಗೊತ್ತಿರುವವನು ಮನೆಯಲ್ಲಿ ಸುಮ್ಮನೆ ಕೂರುತ್ತಾನೆಯೇ? ಸೆಪ್ಟೆಂಬರ್ 17ರಂದು ಸರ್ಕಾರವು ಠೇವಣಿಗಳಿಗೆ ಖಾತರಿ ಕೊಟ್ಟ ಮೇಲೆಯೇ ಸಾಲು ಕರಗಿತು. ಆ ದಿನಗಳ ಸುದ್ದಿಯನ್ನು ‘ದಿವಾಳಿ’ ಎಂದು ಅನುವಾದಿಸಿದರೆ, ವದಂತಿ ಮಾಡಿದ ಕೆಲಸವನ್ನೇ ಅನುವಾದಕರೂ ಮಾಡಿದಂತಾಗುತ್ತದೆ.

ಉತ್ತರ (ಮಂಡ್ಯ, ಪತ್ರಿಕಾ ಉಪಸಂಪಾದಕ)

ನಾಮಪದವನ್ನು ಹುಡುಕುವುದೇ ಇಲ್ಲಿನ ತೊಡಕು. ಇಂಗ್ಲಿಷು ನಾಮಪದದಿಂದ ಮಾಡಿಸುವ ಕೆಲಸವನ್ನು ಕನ್ನಡವು ಕ್ರಿಯಾಪದದಿಂದ ಮಾಡಿಸುತ್ತದೆ. ‘ಠೇವಣಿದಾರರು ಹಣ ತೆಗೆಯಲು ಮುಗಿಬಿದ್ದರು’ ಎಂದರೆ ಪದಕೋಶ ತೆರೆಯದೆ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಕಡೆ ‘ಬ್ಯಾಂಕು ಮುಳುಗ್ತದಂತೆ’ ಎನ್ನುತ್ತಾರೆಯೇ ಹೊರತು ‘ಗಂಟುಸೆಳೆತ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಉತ್ತರ (ಕುವೆಂಪುನಗರ)

ಕೇಳಿಲ್ಲದಿದ್ದರೆ ಇನ್ನು ಮುಂದೆ ಕೇಳಬಹುದು. ಬಳಕೆಯಲ್ಲಿಲ್ಲವೆಂಬುದು ಸೋಮಾರಿಗಳ ವಾದ. ಎರವಲು ಪದಗಳನ್ನು ಹೀಗೆ ಬರಮಾಡಿಕೊಂಡೇ ‘ಜಮಾ’, ‘ಬಾಕಿ’, ‘ವಸೂಲಿ’, ‘ಅಸಲು’, ‘ನಗದು’ ಎಲ್ಲವೂ ಅರಬ್ಬಿಯಿಂದ ಬಂದು ಕೂತಿವೆ. ಲೆಕ್ಕದ ಪುಸ್ತಕದಲ್ಲಿ ಕನ್ನಡಕ್ಕೆ ಉಳಿದಿರುವುದು ‘ಸಾಲ’ ಒಂದೇ!

ಉತ್ತರ (ಮಂಡ್ಯ, ಉಪಸಂಪಾದಕ)

ಹಾಗಾದರೆ ‘ಬಡ್ಡಿ’ಯನ್ನೂ ಬಿಟ್ಟುಕೊಡಿ, ಅದು ಸಂಸ್ಕೃತದ ‘ವೃದ್ಧಿ’ ಪ್ರಾಕೃತದ ಮೂಲಕ ಬಂದ ರೂಪ. ‘ಹಣ’ವೂ ‘ಪಣ’ದಿಂದ ಆದದ್ದು, ಪಕಾರವು ಹಕಾರವಾದದ್ದನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ನಾಳೆ ಸಂಜೆಯೊಳಗೆ ಇವೆಲ್ಲಕ್ಕೂ ಬದಲಿ ಪದ ಕೊಡುವಿರಾ?

ಉತ್ತರ (ಮೈಸೂರು, ನಿವೃತ್ತ ಬ್ಯಾಂಕ್ ಅಧಿಕಾರಿ)

ಕ್ರಿಯಾಪದದ ವಾದವನ್ನು ಒಪ್ಪುತ್ತೇನೆ, ಆದರೆ ಅರ್ಧದಷ್ಟು ಮಾತ್ರ. ‘ಮುಗಿಬೀಳು’, ‘ನೂಕುನುಗ್ಗಲು’ ಎಂದಾಗ ಕಣ್ಣಿಗೆ ಕಟ್ಟುವುದು ಜನಜಂಗುಳಿ. ಅಮೆರಿಕದ ಇಂಡಿಮ್ಯಾಕ್ ಬ್ಯಾಂಕಿನ ಮುಂದೆ 2008ರ ಜುಲೈಯಲ್ಲಿ ನಿಂತ ಸಾಲುಗಳಿಗೆ ಅದು ಸರಿಹೊಂದುತ್ತದೆ. ಅದೇ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನಿಂದ ಸುಮಾರು ಹತ್ತು ದಿನಗಳಲ್ಲಿ 1,670 ಕೋಟಿ ಡಾಲರ್ ಹೊರಹೋದಾಗ ಅಂಥ ಗದ್ದಲವೇನೂ ಕಾಣಲಿಲ್ಲ. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಮುಂದಾದವರು ಹೆಚ್ಚಾಗಿ ಫೋನು, ಕಂಪ್ಯೂಟರುಗಳಲ್ಲೇ ಕೆಲಸ ಮುಗಿಸಿದರು. ಆದ್ದರಿಂದ ಕಥನದಲ್ಲಿ ‘ಮುಗಿಬಿದ್ದರು’ ಇರಲಿ. ಶೀರ್ಷಿಕೆಗೂ ವಿವರಣೆಗೂ ‘ಸಾಮೂಹಿಕ ಹಿಂಪಡೆತ’ವೇ ಆಗಲಿ, ಅದಕ್ಕೆ ಸಾಲು ನಿಂತಿರಲೇಬೇಕೆಂಬ ಕಟ್ಟಿಲ್ಲ.

ಫಲಕದ ವಿಷಯವನ್ನು ಯಾರೂ ಎತ್ತಲಿಲ್ಲ. ಅಲ್ಲಿ ‘ಠೇವಣಿ ವಿಮೆ’ ಎಂಬ ಪದವನ್ನು ಬದಲಿಸಬಾರದು, ಏಕೆಂದರೆ ಜನ ಬ್ಯಾಂಕಿಗೆ ಹೋಗಿ ವಿಚಾರಿಸಬೇಕಾದದ್ದು ಅದೇ ಹೆಸರಿನಲ್ಲಿ. ಅದಕ್ಕಿಂತ ದೊಡ್ಡ ತೊಡಕೆಂದರೆ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಇಟ್ಟ ಠೇವಣಿಗೆ ಈ ವಿಮೆ ಅನ್ವಯಿಸುವುದೇ ಇಲ್ಲ. ವಾಣಿಜ್ಯ ಬ್ಯಾಂಕುಗಳಿಗೂ, ಪಟ್ಟಣ ಸಹಕಾರ ಬ್ಯಾಂಕು ಮತ್ತು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೂ ಅದು ಇದೆ. ಸಂಘದ ಗೋಡೆಯ ಮೇಲೆ ಈ ಬರಹವನ್ನು ಕಂಡ ರೈತರು ಸಂಘದಲ್ಲಿಟ್ಟ ಹಣಕ್ಕೂ ವಿಮೆಯಿದೆಯೆಂದೇ ನಂಬುತ್ತಾರೆ.

ಪ್ರಶ್ನೆ ಕೇಳಿದವರಿಂದ (ಮಂಡ್ಯ)

ಸಂಘಗಳಿಗೆಂದು ಯೋಜಿಸಿದ್ದ ಫಲಕವನ್ನು ಕೈಬಿಟ್ಟಿದ್ದೇವೆ. ಕೊನೆಯ ಪುಟದ ಬರಹವನ್ನು ಹೀಗೆ ತಿದ್ದಿದ್ದೇನೆ, ಇಂದು ರಾತ್ರಿಯೊಳಗೆ ನೋಡಿ ಹೇಳಿದರೆ ಉಪಕಾರವಾಗುತ್ತದೆ: ‘ವಿಮೆಗೊಳಪಟ್ಟ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರು ಒಂದೇ ಹಕ್ಕಿನಲ್ಲಿ ಹೊಂದಿರುವ ಎಲ್ಲ ಶಾಖೆಗಳ ಠೇವಣಿಗಳಿಗೆ, ಅಸಲು ಮತ್ತು ಬಡ್ಡಿ ಸೇರಿ, 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಈ ಮಿತಿ 2020ರ ಫೆಬ್ರವರಿ 4ರಿಂದ ಜಾರಿಯಲ್ಲಿದೆ. ಅದಕ್ಕೆ ಮುನ್ನ 1 ಲಕ್ಷ ರೂಪಾಯಿ ಇತ್ತು. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ.’

ಉತ್ತರ (ಕುವೆಂಪುನಗರ)

‘ಒಳಪಟ್ಟ’ ಸರಿಯಾಗಿದೆ. ‘ಜಾರಿ’ ಅರಬ್ಬಿ.